ಅಪ್ಪ ಇಟ್ಟ ದುಡ್ಡು ಎಲ್ಲಿದೆ?

ಹಣಕಾಸು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮರೆತ ಠೇವಣಿ, ಕಳೆದ ಬಾಂಡು, ಈಗ ಇಲ್ಲದ ಬ್ಯಾಂಕಿನ ಪಾಸ್‌ಬುಕ್ಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಈ ವಿಷಯವಾಗಿ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಪತ್ರ ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಮ್ಮ ತಂದೆಯವರು ತೀರಿಕೊಂಡು ಎರಡು ವರ್ಷವಾಯಿತು. ಅವರ ಟ್ರಂಕಿನಲ್ಲಿ ಸಾಂಗ್ಲಿ ಬ್ಯಾಂಕಿನ ಪಾಸ್‌ಬುಕ್, ಬಿಜಾಪುರ ಗ್ರಾಮೀಣ ಬ್ಯಾಂಕಿನ 1998ರ ಮುದ್ದತಿ ಠೇವಣಿ ರಸೀದಿ, ವಿಜಯಾ ಬ್ಯಾಂಕಿನ ಇನ್ನೊಂದು ಪಾಸ್‌ಬುಕ್ ಸಿಕ್ಕಿವೆ. ಮೂರು ಬ್ಯಾಂಕುಗಳೂ ಈಗ ಇಲ್ಲ. ಯಾರೂ ಕೇಳದ ಠೇವಣಿ ಹುಡುಕುವ ರಿಸರ್ವ್ ಬ್ಯಾಂಕಿನ ಉದ್ಗಮ್ ತಾಣದಲ್ಲಿ ತಂದೆಯವರ ಹೆಸರು ಹಾಕಿ ಹುಡುಕಿದರೂ ಏನೂ ಬರಲಿಲ್ಲ. ಆಸೆ ಬಿಡಬೇಕೆ? (ಜಮಖಂಡಿ)

ಉತ್ತರ: ಬಿಡಬೇಡಿ. ಬ್ಯಾಂಕಿನ ಬೋರ್ಡು ಹೋದರೂ ಅದರ ಸಾಲ, ಠೇವಣಿ ಎಲ್ಲವೂ ಅದನ್ನು ಸೇರಿಸಿಕೊಂಡ ಬ್ಯಾಂಕಿನ ತಲೆಗೆ ಬಂದಿರುತ್ತವೆ. ಸಾಂಗ್ಲಿ ಬ್ಯಾಂಕ್ 2007ರಲ್ಲಿ ಐಸಿಐಸಿಐ ಬ್ಯಾಂಕಿಗೆ ಸೇರಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಿಂದ ಬ್ಯಾಂಕ್ ಆಫ್ ಬರೋಡಾ. ಬಿಜಾಪುರ ಗ್ರಾಮೀಣ ಬ್ಯಾಂಕಿನದು ಎರಡು ಹೆಜ್ಜೆ: 2005ರಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಮುಂತಾದವುಗಳ ಜೊತೆ ಸೇರಿ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು, ಅದೂ 2025ರ ಮೇ 1ರಿಂದ ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಬೆರೆಯಿತು.

ನಮ್ಮ ಭಾಗದ ಟ್ರಂಕುಗಳಲ್ಲಿ ಸಿಗುವ ಬೇರೆ ಹೆಸರುಗಳನ್ನೂ ಇಲ್ಲೇ ಹೇಳಿಬಿಡುತ್ತೇವೆ. ಸಿಂಡಿಕೇಟ್ ಬ್ಯಾಂಕ್ ಈಗ ಕೆನರಾ, ಕಾರ್ಪೊರೇಷನ್ ಬ್ಯಾಂಕ್ ಈಗ ಯೂನಿಯನ್ ಬ್ಯಾಂಕ್, ಎರಡೂ 2020ರಲ್ಲಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಿಂದ ಎಸ್‌ಬಿಐ. ಸಾತಾರಾದ ಯುನೈಟೆಡ್ ವೆಸ್ಟರ್ನ್ ಬ್ಯಾಂಕ್ 2006ರಲ್ಲಿ ಐಡಿಬಿಐಗೆ ಸೇರಿತು. ವೈಶ್ಯ ಬ್ಯಾಂಕ್ ಮೊದಲು ಐಎನ್‌ಜಿ ವೈಶ್ಯ ಆಗಿ, 2015ರಲ್ಲಿ ಕೋಟಕ್ ಮಹೀಂದ್ರಾ ಪಾಲಾಯಿತು. ಮುತ್ಯಾನ ಕಾಲದ ಬೆಳಗಾಂ ಬ್ಯಾಂಕಿನ ಕಾಗದ ಸಿಕ್ಕರೆ ಯೂನಿಯನ್ ಬ್ಯಾಂಕಿಗೆ ಹೋಗಿ. 1970ರ ದಶಕದಲ್ಲಿ ಅದು ಅಲ್ಲಿ ವಿಲೀನವಾಯಿತು. ಬಿಜಾಪುರದ ಜಡೆಯ ಶಂಕರಲಿಂಗ ಬ್ಯಾಂಕ್ ಅದಕ್ಕೂ ಮೊದಲೇ, 1964ರಲ್ಲಿ, ಬೆಳಗಾಂ ಬ್ಯಾಂಕಿನೊಳಗೆ ಹೋಗಿತ್ತು.

ಇನ್ನು ಉದ್ಗಮ್ ಯಾಕೆ ಖಾಲಿ ತೋರಿಸಿತು ಎಂಬ ಮಾತು. ಹತ್ತು ವರ್ಷ ವ್ಯವಹಾರವಿಲ್ಲದೆ, ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋದ ಹಣ ಮಾತ್ರ ಆ ತಾಣದಲ್ಲಿ ಕಾಣುತ್ತದೆ. ಎರಡು ವರ್ಷ ದಾಟಿ ನಿಷ್ಕ್ರಿಯವಾಗಿದ್ದು ಹತ್ತು ವರ್ಷ ತುಂಬದ ಖಾತೆ ಅಲ್ಲಿರುವುದಿಲ್ಲ. ಅದು ಶಾಖೆಯ ಕಂಪ್ಯೂಟರಿನಲ್ಲೇ ಇರುತ್ತದೆ. ಎರಡನೆಯದಾಗಿ, 2024ರ ಮಾರ್ಚ್ ಹೊತ್ತಿಗೆ ಉದ್ಗಮ್‌ಗೆ ಸೇರಿದ್ದು 30 ಬ್ಯಾಂಕು. ನಿಧಿಯಲ್ಲಿರುವ ಹಣದ ಸುಮಾರು ನೂರಕ್ಕೆ ತೊಂಬತ್ತು ಪಾಲು ಇವುಗಳದೇ ನಿಜ, ಆದರೆ ನಿಮ್ಮ ಬ್ಯಾಂಕು ಉಳಿದ ಹತ್ತರಲ್ಲಿದ್ದರೆ ಆ ಲೆಕ್ಕದಿಂದ ನಿಮಗೇನೂ ಆಗಬೇಕಾದ್ದಿಲ್ಲ. ಪಟ್ಟಿಯಲ್ಲಿ ಇಲ್ಲದ ಬ್ಯಾಂಕು ವಾರಸುದಾರರಿಲ್ಲದ ಠೇವಣಿಗಳ ಪಟ್ಟಿಯನ್ನು ತನ್ನದೇ ವೆಬ್‌ಸೈಟಿನಲ್ಲಿ, ವೆಬ್‌ಸೈಟ್ ಇಲ್ಲದಿದ್ದರೆ ಶಾಖೆಯಲ್ಲಿ ಇಟ್ಟಿರಬೇಕು, ಕೇಳಿ ನೋಡಿ. ಮೂರನೆಯದು, ಬ್ಯಾಂಕು ಆರಿಸುವಾಗ ಹಳೆಯ ಹೆಸರಲ್ಲ, ಈಗಿನ ಹೆಸರನ್ನು ಆರಿಸಬೇಕು.

ಆದರೂ ಹೆಚ್ಚಿನವರ ಹುಡುಕಾಟ ಮುಗ್ಗರಿಸುವುದು ಖಾತೆದಾರರ ಹೆಸರಿನಲ್ಲಿ. ನಮ್ಮಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಕೂಡಿ ಒಂದು ಹೆಸರು. ಹಳೆಯ ಗುಮಾಸ್ತರು ಲೆಡ್ಜರಿನಲ್ಲಿ ಅಡ್ಡಹೆಸರನ್ನು ಮೊದಲು ಬರೆಯುತ್ತಿದ್ದರು, ಕೆಲವರು ತಂದೆಯ ಹೆಸರಿನ ಮೊದಲ ಅಕ್ಷರ ಮಾತ್ರ ಹಾಕುತ್ತಿದ್ದರು. ಇಂಗ್ಲಿಷಿನಲ್ಲಿ ‘ಗೌಡ’ ಬರೆಯುವಾಗ ಒಬ್ಬರು ಓ ಮುಂದೆ ಯು ಹಾಕಿದರೆ ಇನ್ನೊಬ್ಬರು ಡಬ್ಲ್ಯು ಹಾಕಿರುತ್ತಾರೆ. ‘ಅಪ್ಪ’ಕ್ಕೆ ಒಂದು ಪಿ, ಎರಡು ಪಿ. ಪಾಟೀಲರ ‘ಟೀ’ಗೆ ಐ, ಇಲ್ಲವೇ ಎರಡು ಇ. ಬಸಪ್ಪ, ಬಸವಪ್ಪ, ಬಸವಣ್ಣೆಪ್ಪ ಮೂವರೂ ಒಬ್ಬರೇ ಆಗಿರಬಹುದು. ಹೆಣ್ಣುಮಕ್ಕಳ ಖಾತೆಯಾದರೆ ತವರಿನ ಅಡ್ಡಹೆಸರಿನಲ್ಲೂ ನೋಡಬೇಕು. ಆದ್ದರಿಂದ ಒಂದು ಹಾಳೆಯ ಮೇಲೆ ಸಾಧ್ಯವಿರುವ ಎಲ್ಲ ರೂಪಗಳನ್ನೂ ಬರೆದುಕೊಂಡು ಒಂದೊಂದಾಗಿ ಹಾಕಿ ನೋಡಿ. ಹೆಸರಿನ ಜೊತೆ ಪ್ಯಾನ್, ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಅಥವಾ ಹುಟ್ಟಿದ ದಿನಾಂಕ ಕೇಳುತ್ತದೆ. 1998ರಲ್ಲಿ ಖಾತೆ ತೆಗೆದವರ ಪ್ಯಾನ್ ಬ್ಯಾಂಕಿನಲ್ಲಿ ಇರುವ ಸಂಭವ ಕಡಿಮೆ, ಹುಟ್ಟಿದ ದಿನವೂ ಅಂದಾಜಿನದು. ಅಂಥವರು ವಿಳಾಸದ ಮೇಲೆ ಹುಡುಕುವುದೇ ವಾಸಿ.

ವಿಳಾಸದಲ್ಲೂ ಒಂದು ಸಿಕ್ಕು ಇದೆ. ಬಾಗಲಕೋಟೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮುಂಚಿನ ಜಮಖಂಡಿ, ಮುಧೋಳ, ಬಾದಾಮಿ, ಹುನಗುಂದದ ಖಾತೆಗಳೆಲ್ಲ ‘ಬಿಜಾಪುರ ಜಿಲ್ಲೆ’ ಎಂದೇ ದಾಖಲಾಗಿರುತ್ತವೆ. ಬೆಳಗಾಂ ಬೆಳಗಾವಿಯಾದದ್ದು, ಬಿಜಾಪುರ ವಿಜಯಪುರವಾದದ್ದು 2014ರ ನವೆಂಬರ್ 1ರಂದು. ಹಾಗಾಗಿ ಜಿಲ್ಲೆಯ ಹಳೆಯ ಹೆಸರು, ಹಳೆಯ ಕಾಗುಣಿತ ಹಾಕಿ.

ಉದ್ಗಮ್‌ನಲ್ಲಿ ಹೆಸರು ಸಿಕ್ಕರೆ ಯುಡಿಆರ್‌ಎನ್ ಎಂಬ ಒಂದು ಸಂಖ್ಯೆ ಬರುತ್ತದೆ. ಖಾತೆ ನಂಬರಾಗಲಿ ಶಾಖೆಯಾಗಲಿ ಕಾಣುವುದಿಲ್ಲ. ಬೇರೆಯವರ ಕೈಗೆ ಸಿಗಬಾರದೆಂದೇ ಹಾಗೆ ಮಾಡಿದ್ದಾರೆ. ಆ ಸಂಖ್ಯೆ ಬರೆದುಕೊಂಡು ಬ್ಯಾಂಕಿಗೆ ಹೋಗಬೇಕು. ನಿಮ್ಮ ಕೈಯಲ್ಲಿ ಪಾಸ್‌ಬುಕ್ಕೇ ಇರುವುದರಿಂದ ಅದಕ್ಕೂ ಕಾಯಬೇಕಿಲ್ಲ, ನೇರ ಶಾಖೆಗೇ ಹೋಗಿ. ಕೌಂಟರಿನಲ್ಲಿ ‘ಈ ನಂಬರ್ ಸಿಸ್ಟಮ್‌ನಲ್ಲಿ ಬರೋದಿಲ್ಲ’ ಎಂದರೆ ಅದು ನಿಜವೇ. ಮೂರು, ನಾಲ್ಕು ಅಂಕಿಯ ಹಳೆಯ ಲೆಡ್ಜರ್ ನಂಬರು ಕಂಪ್ಯೂಟರ್ ಬಂದಾಗ ಒಮ್ಮೆ, ವಿಲೀನವಾದಾಗ ಇನ್ನೊಮ್ಮೆ ಬದಲಾಗಿದೆ. ಹಳೆ ನಂಬರಿಗೆ ಹೊಸ ನಂಬರು ಜೋಡಿಸಿದ ಪಟ್ಟಿಯಿಂದ ಹುಡುಕಿಕೊಡಲು ಲಿಖಿತವಾಗಿ ಕೇಳಿ, ಅರ್ಜಿಯ ನಕಲಿನ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ವಿಚಾರಣೆಗೆ ಯಾರೂ ಜವಾಬ್ದಾರರಲ್ಲ. ಅರ್ಜಿ ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ವಿಚಾರಣೆಗೆ ಫೋನ್ ಸಂಖ್ಯೆ 14448.

ಹಣ ಪಡೆಯುವ ಬಗೆ: ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ, ಗುರುತಿನ ದಾಖಲೆ, ಕ್ಲೇಮ್ ಅರ್ಜಿ ಸಾಕು. ನಾಮಿನಿ ಹಣ ಈಸಿಕೊಳ್ಳುವವರಷ್ಟೇ, ಉಳಿದ ವಾರಸುದಾರರ ಪಾಲು ಅವರಿಗೆ ಸಲ್ಲಬೇಕು. ನಾಮಿನಿ ಇಲ್ಲದಿದ್ದರೆ, ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿ 2026ರ ಮಾರ್ಚ್ 31ರೊಳಗೆ ಜಾರಿ ಮಾಡಬೇಕೆಂದ ನಿರ್ದೇಶನದ ಪ್ರಕಾರ, 15 ಲಕ್ಷ ರೂಪಾಯಿವರೆಗೆ (ಸಹಕಾರಿ ಬ್ಯಾಂಕಾದರೆ 5 ಲಕ್ಷ) ಕೋರ್ಟಿನ ವಾರಸಾ ಪ್ರಮಾಣಪತ್ರ ಬೇಕಿಲ್ಲ. ಇಂಡೆಮ್ನಿಟಿ ಬಾಂಡ್ (ಮುಂದೆ ತಕರಾರು ಬಂದರೆ ನಷ್ಟ ತುಂಬಿಕೊಡುವ ಮುಚ್ಚಳಿಕೆ), ಉಳಿದ ವಾರಸುದಾರರ ಒಪ್ಪಿಗೆ ಪತ್ರ, ವಾರಸುದಾರರು ಯಾರೆಂದು ತೋರಿಸುವ ದಾಖಲೆ ನಡೆಯುತ್ತವೆ. ವಂಶವೃಕ್ಷ, ಜೀವಂತ ಸದಸ್ಯರ ದೃಢೀಕರಣ ಎರಡಕ್ಕೂ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಕಾಗದವೆಲ್ಲ ಪೂರ್ಣವಾಗಿ ಕೊಟ್ಟ 15 ದಿನದೊಳಗೆ ಬ್ಯಾಂಕು ಇತ್ಯರ್ಥ ಮಾಡಬೇಕು.

ಬಡ್ಡಿಯ ಬಗ್ಗೆ ಮಾತ್ರ ದೊಡ್ಡ ಕನಸು ಬೇಡ. 1998ರ ಠೇವಣಿಗೆ ಆಗಿನ ದರ ಸಿಗುವುದು ಅದರ ಅವಧಿ ಮುಗಿಯುವ ತನಕ ಮಾತ್ರ. ನಿಧಿಗೆ ಹೋದ ಹಣಕ್ಕೆ 2018ರ ಜೂನ್ ತನಕ ಶೇ. 4, ಅಲ್ಲಿಂದ 2021ರ ಮೇ 10ರ ತನಕ ಶೇ. 3.5, ಆಮೇಲೆ ಶೇ. 3. ಇಷ್ಟು ವರ್ಷದ ಮೇಲೆ ದುಡ್ಡು ಹತ್ತು ಪಟ್ಟಾಗಿರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ.

ಪ್ರಶ್ನೆ: ನಮ್ಮ ಊರು ಆಲಮಟ್ಟಿ ಹಿನ್ನೀರಿನಾಗ ಮುಳುಗಿ ಹೋತು. ಪರಿಹಾರದ ದುಡ್ಡಿನಾಗ ಅರ್ಧ ನಮ್ಮ ಆಯಿ ಹೆಸರಲೆ, ಸ್ವಲ್ಪ ನನ್ನ ಹೆಸರಲೆ ಇಟ್ಟಿದ್ದರಂತ. ಆಗ ನಾನು ಸಣ್ಣಾವ. ಎಲ್ಲಿ ಇಟ್ಟರು ಅಂತ ಯಾರಿಗೂ ಗೊತ್ತಿಲ್ಲ. (ಬಾಗಲಕೋಟೆ ನವನಗರ)

ಉತ್ತರ: ಮುಳುಗಡೆ ಕುಟುಂಬಗಳಲ್ಲಿ ಇದು ಆಗಾಗ ಆಗುವ ಸಂಗತಿ. ಬ್ಯಾಂಕು ಕಳಿಸಿದ ಪತ್ರ ಹಳೆಯ ಊರಿನ ವಿಳಾಸಕ್ಕೆ ಹೋಗುತ್ತದೆ. ಊರೇ ಇಲ್ಲದ ಮೇಲೆ ವಾಪಸಾಗುತ್ತದೆ. ನೀವು ಬ್ಯಾಂಕಿನಿಂದ ಶುರು ಮಾಡಬೇಡಿ, ಭೂಸ್ವಾಧೀನದ ಕಡತದಿಂದ ಶುರು ಮಾಡಿ. ಹಳೆಯ ಊರಿನ ಹೆಸರು, ಸರ್ವೆ ನಂಬರು ಹಿಡಿದು ಕೃಷ್ಣಾ ಮೇಲ್ದಂಡೆ ಯೋಜನೆಯ ವಿಶೇಷ ಭೂಸ್ವಾಧೀನ ಅಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಅವಾರ್ಡಿನ (ಪರಿಹಾರ ನಿಗದಿ ಮಾಡಿದ ಆದೇಶದ) ನಕಲು, ಹಣ ಪಾವತಿಯ ವಿವರ ಕೇಳಿ. ಯಾರ ಹೆಸರಿಗೆ, ಯಾವ ದಿನ, ಯಾವ ಬ್ಯಾಂಕಿನ ಚೆಕ್ ಎಂಬುದು ಅಲ್ಲಿಂದ ಹೊರಬೀಳುತ್ತದೆ.

ಹೆಚ್ಚುವರಿ ಪರಿಹಾರಕ್ಕೆ ಕೋರ್ಟಿಗೆ ಹೋಗಿದ್ದರೆ ಒಂದು ಎಲ್‌ಎಸಿ (ಭೂಸ್ವಾಧೀನ ಪ್ರಕರಣ) ನಂಬರ್ ಇರುತ್ತದೆ. ವಕೀಲರ ಬಳಿ ಹಳೆಯ ಕಾಗದವಿದ್ದರೆ ಅದರ ಮೇಲೆಯೇ ಸಿಗುತ್ತದೆ. ಇಲ್ಲದಿದ್ದರೆ ಕೋರ್ಟಿನ ನಕಲು ವಿಭಾಗದಲ್ಲಿ ಆಯಿಯ ಹೆಸರಿನ ಮೇಲೆ ಹುಡುಕಿಸಬೇಕು. ಅಪ್ರಾಪ್ತ ವಯಸ್ಸಿನವರ ಪಾಲನ್ನು ಕೋರ್ಟು ಬ್ಯಾಂಕಿನಲ್ಲಿ ಠೇವಣಿ ಇಡಿಸಿದ್ದರೆ ಆ ರಸೀದಿಯ ಮೇಲೆ ಪೋಷಕರ ಹೆಸರೂ ಇರುತ್ತದೆ, ಹಾಗಾಗಿ ತಂದೆ ತಾಯಿಯ ಹೆಸರಿನಲ್ಲೂ ಹುಡುಕಿ. ನಿಮಗೀಗ 18 ದಾಟಿದೆ ಎಂದ ಮಾತ್ರಕ್ಕೆ ಬ್ಯಾಂಕು ಕೊಡುವುದಿಲ್ಲ. ವಯಸ್ಸಿನ ದಾಖಲೆ ಹಚ್ಚಿ, ಹಣ ಬಿಡುಗಡೆಗೆ ಅದೇ ಕೋರ್ಟಿನ ಆದೇಶ ತರಬೇಕು. ಮ್ಯಾನೇಜರ್ ಜೊತೆ ವಾದ ಮಾಡಿ ಫಲವಿಲ್ಲ.

ಪ್ರಶ್ನೆ: ಫೋನ್ ಮಾಡಿದ ಒಬ್ಬರು ‘ನಿಮ್ಮ ಮಾವನವರ ಹೆಸರಿನಲ್ಲಿ ಲಕ್ಷಾಂತರ ರೂಪಾಯಿ ಬಿದ್ದಿದೆ, ಬಿಡಿಸಿಕೊಡುತ್ತೇವೆ, ನೂರಕ್ಕೆ ಇಪ್ಪತ್ತು ನಮಗೆ’ ಎನ್ನುತ್ತಾರೆ. ಒಪ್ಪಬಹುದೆ? (ಅಥಣಿ)

ಉತ್ತರ: ಯಾವ ಬ್ಯಾಂಕು ಅಥವಾ ಯಾವ ಕಂಪನಿ ಎಂದು ಕೇಳಿ. ಹೇಳಿದರೆ ನೀವೇ ಹೋಗಬಹುದು, ಹೇಳದಿದ್ದರೆ ಫೋನ್ ಇಡಿ. ಉದ್ಗಮ್‌ನಲ್ಲಿ ಹುಡುಕಲು ದುಡ್ಡಿಲ್ಲ, ನಿಷ್ಕ್ರಿಯ ಖಾತೆ ಮತ್ತೆ ಚಾಲೂ ಮಾಡಲು ಬ್ಯಾಂಕು ಶುಲ್ಕ ಹಾಕುವಂತಿಲ್ಲ, ಷೇರು ವಾಪಸ್ ಕೇಳುವ ಸರ್ಕಾರಿ ಅರ್ಜಿಗೂ ಫೀ ಇಲ್ಲ. ಛಾಪಾ ಕಾಗದ, ನೋಟರಿ, ಬೇಕಾದರೆ ವಕೀಲರು, ಇಷ್ಟೇ ಖರ್ಚು. ಮುಂಗಡ ಕೇಳಿದರೆ, ಓಟಿಪಿ ಕೇಳಿದರೆ ಅದು ಮೋಸ. ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ.

ಪ್ರಶ್ನೆ: ಅವ್ವನ ಕಪಾಟಿನಲ್ಲಿ 1990ರ ದಶಕದ ಕಿಸಾನ್ ವಿಕಾಸ ಪತ್ರ ನಾಲ್ಕು ಸಿಕ್ಕಿವೆ. ಇಂದಿರಾ ವಿಕಾಸ ಪತ್ರವೂ ಇದ್ದವು ಎಂದು ಕಾಕಾ ಹೇಳುತ್ತಾರೆ, ಅವು ಸಿಕ್ಕಿಲ್ಲ. ಆರ್‌ಡಿ ಪುಸ್ತಕ ಏಜೆಂಟರ ಹತ್ತಿರವೇ ಉಳಿದಿದೆಯಂತೆ. ಅವ್ವ ಈಗಿಲ್ಲ. (ಗೋಕಾಕ)

ಉತ್ತರ: ಮೂರಕ್ಕೂ ಮೂರು ದಾರಿ.

ಕಿಸಾನ್ ವಿಕಾಸ ಪತ್ರಕ್ಕೆ ಹೆಸರು, ನೋಂದಣಿ ಸಂಖ್ಯೆ ಎರಡೂ ಇರುವುದರಿಂದ ಚಿಂತೆ ಇಲ್ಲ. ಪತ್ರದ ಮೇಲಿನ ದುಂಡು ಮುದ್ರೆ ನೋಡಿ, ಯಾವ ಅಂಚೆ ಕಚೇರಿ ಕೊಟ್ಟಿದ್ದು ಎಂದು ಓದಿಕೊಳ್ಳಿ. ಮಾಸಿದ್ದರೆ ಬಿಸಿಲಿಗೆ ಓರೆಯಾಗಿ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿದರೆ ಎಷ್ಟೋ ಸಲ ಅಕ್ಷರ ಕಾಣುತ್ತವೆ. 1988ರಲ್ಲಿ ಈ ಪತ್ರ ಶುರುವಾದಾಗ ಹಣ ದುಪ್ಪಟ್ಟಾಗಲು ಐದೂವರೆ ವರ್ಷ ಸಾಕಿತ್ತು. 2003ರಿಂದ 2011ರ ನಡುವೆ ಕೊಂಡಿದ್ದಕ್ಕೆ 8 ವರ್ಷ 7 ತಿಂಗಳು. ಹಾಗಾಗಿ ಕೊಂಡ ತಾರೀಖು ನೋಡದೆ ಲೆಕ್ಕ ಹಾಕಬೇಡಿ. ದುಪ್ಪಟ್ಟಾದ ಮೇಲೆ ಮತ್ತೆ ಮತ್ತೆ ದುಪ್ಪಟ್ಟಾಗುತ್ತ ಹೋಗುವುದಿಲ್ಲ.

ಅವಧಿ ಮುಗಿದು ಮೂರು ವರ್ಷವಾದರೂ ಮುಚ್ಚದ ಖಾತೆಗಳನ್ನು ಅಂಚೆ ಇಲಾಖೆ ಜನವರಿ 1 ಮತ್ತು ಜುಲೈ 1, ಹೀಗೆ ವರ್ಷಕ್ಕೆರಡು ಸಲ ಗುರುತಿಸಿ ತಡೆಹಿಡಿಯುತ್ತದೆ. ಆರ್‌ಡಿ, ಎಂಐಎಸ್ (ಮಾಸಿಕ ಆದಾಯ ಯೋಜನೆ), ಎನ್‌ಎಸ್‌ಸಿ (ರಾಷ್ಟ್ರೀಯ ಉಳಿತಾಯ ಪತ್ರ), ಪಿಪಿಎಫ್ ಎಲ್ಲಕ್ಕೂ ಇದೇ ನಿಯಮ. ತಡೆ ಎಂದರೆ ಮುಟ್ಟುಗೋಲಲ್ಲ. ಪಾಸ್‌ಬುಕ್ ಅಥವಾ ಪತ್ರ, ಪ್ಯಾನ್, ಆಧಾರ್, ಮೊಬೈಲ್ ನಂಬರು, ಖಾತೆ ಮುಚ್ಚುವ ಎಸ್‌ಬಿ-7ಎ ಅರ್ಜಿ, ಹಣ ಹೋಗಬೇಕಾದ ಖಾತೆಯ ರದ್ದು ಮಾಡಿದ ಚೆಕ್ಕು ಕೊಟ್ಟರೆ ಬಿಡುತ್ತಾರೆ. ಖಾತೆದಾರರು ತೀರಿಕೊಂಡಿದ್ದರೆ ಫಾರ್ಮ್ 11ರಲ್ಲಿ ಕ್ಲೇಮ್ ಹಾಕಬೇಕು. ನಾಮಿನಿಯೂ ಇಲ್ಲ, ಉಯಿಲೂ ಇಲ್ಲ ಎಂದಾದರೆ ತೀರಿಕೊಂಡು ಆರು ತಿಂಗಳು ಕಳೆದ ಮೇಲೆ 5 ಲಕ್ಷದವರೆಗೆ ಅಫಿಡವಿಟ್, ಹಕ್ಕು ಬಿಟ್ಟ ಪತ್ರ, ಇಂಡೆಮ್ನಿಟಿ ಬಾಂಡಿನ ಮೇಲೆ ಕೊಡುತ್ತಾರೆ. ಅದಕ್ಕೂ ಮೇಲಿನ ಮೊತ್ತಕ್ಕೆ ಕೋರ್ಟೇ ಗತಿ. ಸ್ಥಳೀಯ ಕಚೇರಿಯಲ್ಲಿ ಕೆಲಸ ಸಾಗದಿದ್ದರೆ ಗೋಕಾಕ ವಿಭಾಗದ ಅಂಚೆ ಅಧೀಕ್ಷಕರಿಗೆ ಬರೆಯಿರಿ, ಅವರ ಮೇಲೆ ಧಾರವಾಡದ ಪೋಸ್ಟ್‌ಮಾಸ್ಟರ್ ಜನರಲ್.

ಇಂದಿರಾ ವಿಕಾಸ ಪತ್ರದ್ದು ಬೇರೆಯೇ ಕಥೆ. 1986ರಿಂದ 1999ರ ತನಕ ಮಾರಾಟವಾದ ಆ ಪತ್ರದ ಮೇಲೆ ಕೊಂಡವರ ಹೆಸರೇ ಇರುತ್ತಿರಲಿಲ್ಲ. ನೋಟಿನ ಹಾಗೆ, ಯಾರ ಕೈಯಲ್ಲಿದೆಯೋ ಅವರದು. ಕಳೆದರೆ ನಕಲು ಪತ್ರವಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಮನೆಯಲ್ಲಿ ಹುಡುಕುವುದೊಂದೇ ಉಳಿದ ದಾರಿ. ಹಳೆಯ ಸೀರೆಗಳ ಮಡಿಕೆ, ದೇವರ ಮನೆಯ ಪೆಟ್ಟಿಗೆ, ಫೋಟೊ ಚೌಕಟ್ಟಿನ ಹಿಂಬದಿ ಬಿಡಬೇಡಿ. ಸಾಲಕ್ಕೆ ಅಡವು ಇಟ್ಟಿದ್ದರೋ ಎಂಬುದನ್ನೂ ಕೇಳಿ ನೋಡಿ. ಸಾಲ ತೀರಿದ ಮೇಲೂ ಕಾಗದ ಬ್ಯಾಂಕಿನ ತಿಜೋರಿಯಲ್ಲೇ ಉಳಿಯುವುದುಂಟು. ಕಾಣದ ಎಲ್‌ಐಸಿ ಬಾಂಡು, ಎನ್‌ಎಸ್‌ಸಿಗಳಿಗೂ ಈ ಮಾತು ಸಲ್ಲುತ್ತದೆ.

ಆರ್‌ಡಿ ಪುಸ್ತಕ ಏಜೆಂಟರ ಹತ್ತಿರ ಇರಬೇಕಾದದ್ದೇ ಅಲ್ಲ. ಪುಸ್ತಕಕ್ಕಾಗಿ ಅಲೆಯುವ ಮೊದಲು ಅಂಚೆ ಕಚೇರಿಯಲ್ಲಿ ಅವ್ವನ ಹೆಸರಿನ ಮೇಲೆ ಖಾತೆ ಹುಡುಕಿಸಿ. ಏಜೆಂಟರು ಕಾರ್ಡಿನಲ್ಲಿ ಬರೆದುಕೊಟ್ಟ ಕಂತುಗಳಿಗೂ ಖಾತೆಯಲ್ಲಿ ಜಮಾ ಆದ ಕಂತುಗಳಿಗೂ ತಾಳೆ ಇದೆಯೇ ನೋಡಿ. ಇಲ್ಲದಿದ್ದರೆ ಆ ಕಾರ್ಡು ನಿಮ್ಮ ಸಾಕ್ಷಿ. ಅಸಲನ್ನು ಯಾರಿಗೂ ಕೊಡಬೇಡಿ.

ಪ್ರಶ್ನೆ: ಎಲ್‌ಐಸಿ ಪಾಲಿಸಿ ಎರಡು ವರ್ಷ ಕಟ್ಟಿ 1996ರಲ್ಲಿ ಬಿಟ್ಟಿದ್ದೆ. ಏನಾದರೂ ಬರುತ್ತದೆಯೇ? (ಇಂಡಿ)

ಉತ್ತರ: ಬರುವುದಿಲ್ಲ. ಆ ಕಾಲದ ಪಾಲಿಸಿಗಳಿಗೆ ಪೂರ್ತಿ ಮೂರು ವರ್ಷದ ಕಂತು ಕಟ್ಟಿದ್ದರೆ ಮಾತ್ರ ಮೌಲ್ಯ ಉಳಿಯುತ್ತಿತ್ತು. ಮೂರು ದಾಟಿದ್ದವರು ಎಲ್‌ಐಸಿ ವೆಬ್‌ಸೈಟಿನ ‘ಕ್ಲೇಮ್ ಆಗದ ಮೊತ್ತ’ ಪುಟದಲ್ಲಿ ಪಾಲಿಸಿ ಸಂಖ್ಯೆ, ಹೆಸರು, ಹುಟ್ಟಿದ ದಿನಾಂಕ ಹಾಕಿ ನೋಡಬೇಕು, ಇಲ್ಲವೇ ಯಾವುದಾದರೂ ಶಾಖೆಯಲ್ಲಿ ಸ್ಟೇಟಸ್ ರಿಪೋರ್ಟ್ ಕೇಳಬೇಕು. ಹತ್ತು ವರ್ಷ ಯಾರೂ ಕೇಳದ ವಿಮಾ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ, ಅಲ್ಲಿಗೆ ಹೋದ ಮೇಲೂ 25 ವರ್ಷದ ತನಕ ಕಂಪನಿಯ ಮೂಲಕವೇ ಕೇಳಬಹುದು.

ಪ್ರಶ್ನೆ: ತಂದೆಯವರು 1992ರಿಂದ 95ರ ನಡುವೆ ಷೇರು, ಯೂನಿಟ್ ಕೊಳ್ಳುತ್ತಿದ್ದರು. ಕೆಲವು ಷೇರು ಪತ್ರ ಸಿಕ್ಕಿವೆ, ಕೆಲವು ಕಂಪನಿಗಳ ಹೆಸರೇ ಈಗ ಕೇಳುತ್ತಿಲ್ಲ. ಪತ್ರ ಸಿಗದ ಷೇರು ಇವೆಯೋ ಎಂದು ಹೇಗೆ ತಿಳಿಯುವುದು? (ಬೆಳಗಾವಿ)

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ, ಯಾಕೆಂದರೆ ದುಡ್ಡು ಹೆಚ್ಚಾಗಿ ಅಡಗಿರುವುದು ಪತ್ರ ಸಿಗದ ಷೇರಿನಲ್ಲಿ. ತಂದೆಯವರ ಹಳೆಯ ಬ್ಯಾಂಕ್ ಪಾಸ್‌ಬುಕ್ ಸಾಲುಸಾಲಾಗಿ ಓದಿ. ವರ್ಷಕ್ಕೊಮ್ಮೆ, ಹೆಚ್ಚುಕಮ್ಮಿ ಅದೇ ತಿಂಗಳಲ್ಲಿ, 40 ರೂಪಾಯಿ, 75 ರೂಪಾಯಿಯಂಥ ಸಣ್ಣ ಮೊತ್ತ ಜಮಾ ಆಗಿದ್ದರೆ ಅದು ಡಿವಿಡೆಂಡ್ (ಲಾಭಾಂಶ) ಇರಬಹುದು, ಪಕ್ಕದಲ್ಲಿ ಕಂಪನಿಯ ಹೆಸರು ಅರ್ಧಂಬರ್ಧ ಇರುತ್ತದೆ. ಆಮೇಲೆ ಐಇಪಿಎಫ್ ಎಂಬ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಯ ತಾಣದಲ್ಲಿ ಹೆಸರಿನ ಮೇಲೆ ಹುಡುಕಿ. ಸತತ ಏಳು ವರ್ಷ ಡಿವಿಡೆಂಡ್ ಯಾರೂ ಪಡೆಯದಿದ್ದರೆ ಡಿವಿಡೆಂಡ್ ಜೊತೆ ಷೇರನ್ನೂ ಕಂಪನಿ ಅಲ್ಲಿಗೆ ವರ್ಗಾಯಿಸಬೇಕು ಎಂಬುದು 2013ರ ಕಂಪನಿ ಕಾಯ್ದೆ. ಮೇಲೆ ಹೇಳಿದ ಕಾಗುಣಿತದ ಕಾಟ ಇಲ್ಲೂ ಇದೆ.

ಮ್ಯೂಚುವಲ್ ಫಂಡ್ ಹುಡುಕಲು ಷೇರುಪೇಟೆ ನಿಯಂತ್ರಿಸುವ ಸೆಬಿ 2025ರಲ್ಲಿ ಮಿತ್ರ ಎಂಬ ಸೌಲಭ್ಯ ತಂದಿದೆ. ಹತ್ತು ವರ್ಷ ವಹಿವಾಟಿಲ್ಲದ ಫೋಲಿಯೊಗಳು (ಹೂಡಿಕೆದಾರರ ಖಾತೆಗಳು) ಅದರಲ್ಲಿ ಸಿಗುತ್ತವೆ. ತಂದೆಯವರು ಕೊಂಡದ್ದು ಯುಟಿಐನ ಯುಎಸ್-64 ಆಗಿದ್ದರೆ ಯೂನಿಟ್ ಎಂದು ಹುಡುಕಬೇಡಿ. ಆ ಯೋಜನೆ 2003ರಲ್ಲಿ ಮುಗಿದು ಯೂನಿಟ್‌ಗಳು ಶೇ. 6.75ರ ಬಾಂಡುಗಳಾದವು, ಆ ಬಾಂಡುಗಳ ಅವಧಿಯೂ 2008ರಲ್ಲಿ ಮುಗಿದಿದೆ.

ಹೆಸರು ಕೇಳದ ಕಂಪನಿ ಎಂದರೆ ಮುಳುಗಿದ ಕಂಪನಿ ಎಂದೇ ಅಲ್ಲ. ಹೆಸರು ಬದಲಾಗಿರಬಹುದು, ಇನ್ನೊಂದರೊಳಗೆ ಸೇರಿರಬಹುದು. ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಹಳೆಯ ಹೆಸರು ಹಾಕಿ ನೋಡಿ. ಪತ್ರದ ಮೇಲೆ ಅಚ್ಚಾಗಿರುವ, ಷೇರುದಾರರ ಲೆಕ್ಕ ಇಡುವ ರಿಜಿಸ್ಟ್ರಾರ್ ಸಂಸ್ಥೆಗೂ ಹೊಸ ಹೆಸರು ಬಂದಿರಬಹುದು: ಕಾರ್ವಿ ಕಂಪ್ಯೂಟರ್‌ಶೇರ್ ಈಗ ಕೆಫಿನ್, ಲಿಂಕ್ ಇನ್‌ಟೈಮ್ ಈಗ ಎಂಯುಎಫ್‌ಜಿ ಇನ್‌ಟೈಮ್. ರಿಜಿಸ್ಟ್ರಾರರಿಗೆ ಫೋಲಿಯೊ ಸಂಖ್ಯೆ ಕೊಟ್ಟು ಈಗ ಒಟ್ಟು ಎಷ್ಟು ಷೇರು ಇವೆ ಎಂದು ಬರೆದು ಕೇಳಿ. ಪತ್ರದ ಮೇಲೆ 50 ಎಂದಿದ್ದರೂ ಬೋನಸ್, ಮುಖಬೆಲೆ ವಿಭಜನೆ ಆಗಿ ಈಗ ಹಲವು ಪಟ್ಟು ಇರಬಹುದು. ಈ ಉತ್ತರ ಬರುವ ಮೊದಲು ‘ಹಳೇ ಪತ್ರ ಕೊಡಿ, ಇಷ್ಟು ಕೊಡುತ್ತೇವೆ’ ಎನ್ನುವವರಿಗೆ ಒಂದು ಪತ್ರವನ್ನೂ ಕೊಡಬೇಡಿ.

ಕಾಗದದ ಷೇರನ್ನು ಇನ್ನೊಬ್ಬರಿಗೆ ಮಾರಿ ವರ್ಗಾಯಿಸುವುದು 2019ರ ಏಪ್ರಿಲ್‌ನಿಂದ ನಿಂತಿದೆ. ವಾರಸುದಾರರ ಹೆಸರಿಗೆ ಬರುವುದಕ್ಕೆ ಅಡ್ಡಿ ಇಲ್ಲ, ಆದರೆ ನಿಮ್ಮ ಹೆಸರಿನಲ್ಲಿ ಡಿಮ್ಯಾಟ್ ಖಾತೆ (ಷೇರನ್ನು ಕಾಗದವಿಲ್ಲದೆ ಕಂಪ್ಯೂಟರಿನಲ್ಲೇ ಇಡುವ ಖಾತೆ) ಬೇಕು. ಅರ್ಜಿಗಳು ಇವು: ಪ್ಯಾನ್ ಮತ್ತು ವಿಳಾಸಕ್ಕೆ ಐಎಸ್‌ಆರ್-1, ಬ್ಯಾಂಕ್ ಮ್ಯಾನೇಜರ್ ಸಹಿ ದೃಢೀಕರಿಸುವ ಐಎಸ್‌ಆರ್-2, ವಾರಸಾ ಬದಲಾವಣೆಗೆ ಐಎಸ್‌ಆರ್-5. ನಾಮಿನಿ ಇಲ್ಲದಿದ್ದಾಗ ಒಂದು ಕಂಪನಿಯಲ್ಲಿ ಕಾಗದದ ಷೇರಿನ ಬೆಲೆ 5 ಲಕ್ಷ ಮೀರದಿದ್ದರೆ, ಡಿಮ್ಯಾಟ್‌ನಲ್ಲಿದ್ದದ್ದು 15 ಲಕ್ಷ ಮೀರದಿದ್ದರೆ ಕೋರ್ಟ್ ಪತ್ರವಿಲ್ಲದೆ ಸರಳ ದಾಖಲೆಗಳ ಮೇಲೆ ಆಗುತ್ತದೆ.

ಷೇರು ಐಇಪಿಎಫ್‌ಗೆ ಹೋಗಿದ್ದರೆ ಅನುಕ್ರಮ ತಪ್ಪಿಸಬಾರದು. ಬಹಳ ಜನ ಸೀದಾ ಐಇಪಿಎಫ್-5 ಅರ್ಜಿ ತುಂಬುತ್ತಾರೆ, ಅದು ತಿರಸ್ಕೃತವಾಗುತ್ತದೆ. ಮೊದಲು ಕಂಪನಿಯ ಬಳಿ ವಾರಸಾ ಕಾಗದ ಕೊಟ್ಟು ‘ಇಷ್ಟು ಷೇರಿಗೆ ಇವರು ಹಕ್ಕುದಾರರು’ ಎಂಬ ಪತ್ರ ಪಡೆಯಬೇಕು. ಅದನ್ನು ಹಚ್ಚಿ ಐಇಪಿಎಫ್-5 ಆನ್‌ಲೈನಿನಲ್ಲಿ ಸಲ್ಲಿಸಿ, ಮುದ್ರಿತ ಪ್ರತಿ, ಇಂಡೆಮ್ನಿಟಿ ಬಾಂಡ್, ರೆವಿನ್ಯೂ ಸ್ಟ್ಯಾಂಪ್ ಹಚ್ಚಿದ ಮುಂಗಡ ರಸೀದಿ, ಡಿಮ್ಯಾಟ್ ಖಾತೆಯ ಕ್ಲೈಂಟ್ ಮಾಸ್ಟರ್ ಲಿಸ್ಟ್ (ಖಾತೆಯ ವಿವರದ ಪಟ್ಟಿ), ಅಸಲು ಷೇರು ಪತ್ರಗಳನ್ನು ಕಂಪನಿಯ ನೋಡಲ್ ಅಧಿಕಾರಿಗೆ ಕಳಿಸಬೇಕು. ಕಂಪನಿ 30 ದಿನದಲ್ಲಿ ಪರಿಶೀಲನಾ ವರದಿ ಕೊಡಬೇಕು, ಪ್ರಾಧಿಕಾರ 60 ದಿನದಲ್ಲಿ ತೀರ್ಮಾನಿಸಬೇಕು ಎಂದು ನಿಯಮ. ನಿಯಮದ ದಿನ ಎಣಿಸಿ ಮದುವೆ ಮುಹೂರ್ತ ಇಟ್ಟುಕೊಳ್ಳಬೇಡಿ, ಹೆಚ್ಚೇ ಹಿಡಿಯುತ್ತದೆ. ಹೆಸರಿನ ಒಂದು ಅಕ್ಷರ ಪ್ಯಾನ್‌ನಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಇದ್ದರೂ ಅರ್ಜಿ ವಾಪಸ್ ಬರುತ್ತದೆ. ಎರಡೂ ಹೆಸರಿನವರು ಒಬ್ಬರೇ ಎಂಬ ನೋಟರಿ ಅಫಿಡವಿಟ್ಟನ್ನು ಮೊದಲೇ ಮಾಡಿಸಿಡಿ.

ಪ್ರಶ್ನೆ: ಸೌಹಾರ್ದ ಸಹಕಾರಿಯೊಂದರಲ್ಲಿ ಪಿಗ್ಮಿ ಕಟ್ಟಿ, ಕೂಡಿದ ಮೇಲೆ ಮುದ್ದತಿ ಠೇವು ಇಟ್ಟಿದ್ದೆ. ಕಚೇರಿಗೆ ಬೀಗ ಬಿದ್ದಿದೆ. ರಿಸರ್ವ್ ಬ್ಯಾಂಕಿಗೆ ಬರೆದರೆ ‘ನಮಗೆ ಸಂಬಂಧವಿಲ್ಲ’ ಎಂಬ ಉತ್ತರ. ಠೇವಣಿಗೆ 5 ಲಕ್ಷದ ವಿಮೆ ಇಲ್ಲವೇ? (ವಿಜಯಪುರ)

ಉತ್ತರ: ಇಲ್ಲ. ಆ ವಿಮೆ ಬ್ಯಾಂಕುಗಳಿಗೆ ಮಾತ್ರ, ಪಟ್ಟಣ ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಸೇರಿವೆ. ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳು ಬ್ಯಾಂಕಲ್ಲ. ಅಲ್ಲಿಟ್ಟ ದುಡ್ಡು ಉದ್ಗಮ್‌ನಲ್ಲೂ ಕಾಣುವುದಿಲ್ಲ. ಇದು ಕಹಿ ಮಾತು, ಆದರೂ ಹೇಳಲೇಬೇಕು: ಈ ಅಂಕಣದಲ್ಲಿರುವ ಎಲ್ಲ ಬಗೆಯ ಉಳಿತಾಯಗಳಲ್ಲಿ ಪೂರ್ತಿ ವಾಪಸ್ ಬರುವ ಭರವಸೆ ಎಲ್ಲಕ್ಕಿಂತ ಕಡಿಮೆ ಇರುವುದು ನಿಮ್ಮದರಲ್ಲೇ.

ಠೇವು ಪಾವತಿಯ (ರಸೀದಿಯ) ತಲೆಬರಹದಲ್ಲಿ ನೋಂದಣಿ ವಿವರ ಓದಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಎಂದಿದ್ದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿ. ಅದೇ ಕಾಯ್ದೆಯ 70ನೇ ಕಲಮಿನಡಿ ದಾವೆ ಹಾಕಬಹುದು. 1997ರ ಸೌಹಾರ್ದ ಕಾಯ್ದೆಯದಾದರೆ ಸಹಕಾರ ಇಲಾಖೆಯ ಜೊತೆ ಸೌಹಾರ್ದ ಸಂಯುಕ್ತ ಸಹಕಾರಿಗೂ ಬರೆಯಿರಿ. ಬಹುರಾಜ್ಯ ಸಹಕಾರಿಯಾದರೆ ದಿಲ್ಲಿಯ ಕೇಂದ್ರ ನಿಬಂಧಕರು. ನೋಂದಣಿ ಗೊತ್ತಿಲ್ಲದೆ ಎಲ್ಲರಿಗೂ ಒಂದೇ ಅರ್ಜಿ ಕಳಿಸಿದರೆ ಎಲ್ಲರೂ ‘ನಮ್ಮ ವ್ಯಾಪ್ತಿಯಲ್ಲ’ ಎನ್ನುತ್ತಾರೆ. ಜೊತೆಗೆ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯಡಿ ಪೊಲೀಸ್ ದೂರು ಕೊಡಿ. ಆಡಳಿತ ಮಂಡಳಿಯ ಆಸ್ತಿ ಜಪ್ತಿ ಮಾಡಿ ಹಂಚುವ ಅಧಿಕಾರ ಆ ಕಾಯ್ದೆಯಲ್ಲಿದೆ. ಠೇವುದಾರರು ಕೂಡಿ ದೂರು ಕೊಟ್ಟರೆ ಅದಕ್ಕೆ ತೂಕ ಹೆಚ್ಚು.

ಸಂಸ್ಥೆ ಮುಚ್ಚಿ ಲೆಕ್ಕ ತೀರಿಸುವ ಸಮಾಪಕರು ನೇಮಕವಾದರೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ತಾರೀಖಿನೊಳಗೆ ಕ್ಲೇಮ್ ಹಾಕಿ. ಪಾವತಿಯ ಅಸಲು ಕೊಡಬೇಡಿ, ಅಸಲು ತೋರಿಸಿ ನಕಲಿನ ಮೇಲೆ ಸಹಿ ಪಡೆಯಿರಿ. ಪಿಗ್ಮಿ ಯಂತ್ರದ ಸಣ್ಣ ಚೀಟಿಗಳಿದ್ದರೆ ಈವತ್ತೇ ಜೆರಾಕ್ಸ್ ಮಾಡಿಸಿ. ಆ ಕಾಗದದ ಮೇಲಿನ ಅಕ್ಷರ ಒಂದೆರಡು ವರ್ಷದಲ್ಲಿ ಮಾಸಿಹೋಗುತ್ತದೆ.

ಪ್ರಶ್ನೆ: ಸಕ್ಕರೆ ಕಾರ್ಖಾನೆಯೊಂದರಲ್ಲಿ 1999ರಿಂದ 2008ರ ತನಕ ದುಡಿದೆ. ಪಿಎಫ್ ಹಿಡಿಯುತ್ತಿದ್ದರು. ಕಾರ್ಖಾನೆ ಕೈ ಬದಲಾಗಿದೆ, ನನ್ನ ಬಳಿ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಇಲ್ಲ. ನನಗೀಗ 54. (ಮುಧೋಳ)

ಉತ್ತರ: ಯುಎಎನ್ ಬಂದದ್ದೇ 2014ರಲ್ಲಿ, ನಿಮ್ಮ ಬಳಿ ಇಲ್ಲದಿರುವುದು ಸಹಜ. ಹಳೆಯ ಪಗಾರ ಚೀಟಿ ಅಥವಾ ಪಿಎಫ್ ವಾರ್ಷಿಕ ಸ್ಲಿಪ್ಪಿನಲ್ಲಿ ಕೆಎನ್ ಎಂದು ಶುರುವಾಗುವ ನಂಬರು ಹುಡುಕಿ. ಮಧ್ಯದ್ದು ಕಾರ್ಖಾನೆಯ ಕೋಡು, ಕೊನೆಯದು ನಿಮ್ಮ ಸಂಖ್ಯೆ. ಈಗಿನ ಪದ್ಧತಿಯಲ್ಲಿ ಅದೇ 22 ಅಕ್ಷರ ಅಂಕಿಗಳ ಉದ್ದದ ನಂಬರಾಗುತ್ತದೆ: ರಾಜ್ಯಕ್ಕೆ 2 ಅಕ್ಷರ, ಕಚೇರಿಗೆ 3 ಅಕ್ಷರ, ಕಾರ್ಖಾನೆಗೆ 7 ಅಂಕಿ, ವಿಸ್ತರಣೆಗೆ 3, ನಿಮಗೆ 7. ಸಣ್ಣ ಸಂಖ್ಯೆಯಾದರೆ ಮುಂದೆ ಸೊನ್ನೆ ಸೇರಿಸುತ್ತಾರೆ. ಯಾವ ಕಾಗದವೂ ಇಲ್ಲದಿದ್ದರೆ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ತಾಣದ ‘ಎಸ್ಟಾಬ್ಲಿಷ್‌ಮೆಂಟ್ ಸರ್ಚ್’ನಲ್ಲಿ ಕಾರ್ಖಾನೆಯ ಹಳೆಯ ಹೆಸರು ಹಾಕಿ ಕೋಡ್ ಪಡೆಯಿರಿ, ನಿಮ್ಮ ಜೊತೆ ಸೇರಿದವರ ಹತ್ತಿರ ಸ್ಲಿಪ್ ಇದ್ದರೆ ನಿಮ್ಮ ಸಂಖ್ಯೆ ಅದರ ಆಸುಪಾಸಿನಲ್ಲೇ ಇರುತ್ತದೆ.

ಪಿಎಫ್ ಹಣಕ್ಕೆ 58 ತುಂಬುವ ತನಕ ಬಡ್ಡಿ ಬೀಳುತ್ತದೆ, ಹಾಗಾಗಿ ನಿಮ್ಮದು ಬೆಳೆಯುತ್ತಲೇ ಇದೆ. ಪಿಂಚಣಿ ಭಾಗಕ್ಕೆ ಆ ಲೆಕ್ಕವಿಲ್ಲ. ಸೇವೆ ಹತ್ತು ವರ್ಷಕ್ಕೆ ಕಡಿಮೆ ಇದ್ದರೆ ಫಾರ್ಮ್ 10ಸಿ ಕೊಟ್ಟು ಒಂದೇ ಕಂತಿನಲ್ಲಿ ಪಡೆಯಬೇಕು, ಹತ್ತು ತುಂಬಿದ್ದರೆ 58ರಿಂದ ಪಿಂಚಣಿ. ನಿಮ್ಮದು ಒಂಬತ್ತರ ಆಸುಪಾಸು. ಆ ಮೊದಲೋ ಆಮೇಲೋ ಬೇರೆ ಕಡೆ ಪಿಎಫ್ ಹಿಡಿದಿದ್ದರೆ ಎರಡೂ ಸೇವೆ ಕೂಡಿಸುವ ತನಕ 10ಸಿ ತುಂಬಬೇಡಿ. ಒಂದು ವರ್ಷದ ಕೊರತೆಗೆ ಜೀವನಪೂರ್ತಿಯ ಪಿಂಚಣಿ ಹೋಗುತ್ತದೆ.

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಕಾರ್ಖಾನೆಯ ಯಾವುದಾದರೂ ಗುರುತಿನ ಚೀಟಿ ಹಿಡಿದು ಇಪಿಎಫ್‌ಒದ ‘ನಿಧಿ ಆಪ್ಕೆ ನಿಕಟ್’ ಶಿಬಿರಕ್ಕೆ ಹೋಗಿ. ಪ್ರತಿ ತಿಂಗಳು 27ರಂದು, ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ, ಜಿಲ್ಲೆಗೊಂದರಂತೆ ನಡೆಯುತ್ತದೆ. ಸ್ಥಳ ಪ್ರತಿ ಸಲ ಬದಲಾಗುತ್ತದೆ, ಹಿಂದಿನ ವಾರವೇ ವಿಚಾರಿಸಿಕೊಳ್ಳಿ. ಆಧಾರ್‌ನಲ್ಲಿರುವ ಹುಟ್ಟಿದ ದಿನಕ್ಕೂ ಕಾರ್ಖಾನೆಯಲ್ಲಿ ಬರೆಸಿದ ದಿನಕ್ಕೂ ವ್ಯತ್ಯಾಸವಿದ್ದರೆ ಶಾಲೆ ಬಿಟ್ಟ ದಾಖಲೆಯನ್ನೂ ಒಯ್ಯಿರಿ.